ಮೂರು ದಿನ ಬಾಗಿಲು ತೆಗೆಯಬಾರದು

"ಮತ್ತೆ ನೋಡಿದ್ಯಾ?" ಎಂದರು ಅಕ್ಕ, ಕೈಯಲ್ಲಿದ್ದ ಗಾಜಿನ ತಟ್ಟೆಯಿಂದ ಕಣ್ಣೆತ್ತದೆ.

ಪ್ರಯೋಗಾಲಯದ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಸಂಶೋಧಕಿ ಥಟ್ಟನೆ ಮೌಸ್‌ನಿಂದ ಕೈ ತೆಗೆದಳು. ಉಲ್ಲೇಖಗಳ ಲೆಕ್ಕ ನೋಡಿದ್ದು ಬೆಳಗಿನಿಂದ ಇದು ಹದಿನಾಲ್ಕನೆಯ ಸಲ. ಅವಳು ಬರೆದದ್ದು ಮೂವತ್ತೊಂದು ಪ್ರಬಂಧ. ಅವನ್ನು ಬೇರೆಯವರು ಉಲ್ಲೇಖಿಸಿದ್ದು ಒಟ್ಟು ಸಾವಿರದ ಇನ್ನೂರ ನಾಲ್ಕು ಸಲ. ಊಟಕ್ಕೆ ಮುಂಚೆಯೂ ಅಷ್ಟೇ ಇತ್ತು. ಪ್ರೊಫೆಸರ್ ಹುದ್ದೆಯ ಅರ್ಜಿಗೆ ಇವತ್ತು ಐದು ಗಂಟೆಗೆ ಗಡುವು. ಅಷ್ಟರೊಳಗೆ ಯಾವನಾದರೂ ಪುಣ್ಯಾತ್ಮ ಇನ್ನೊಂದು ಸಲ ಉಲ್ಲೇಖಿಸಬಾರದೇ ಎಂಬ ಆಸೆ. ಮೇಜಿನ ಕೆಳಗೆ ಅವಳ ಕಾಲು ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು.

"ಮಲಗಿರೋ ಮಗೂನ ಎಬ್ಬಿಸಿ, ನಿದ್ದೆ ಬಂತಾ ಅಂತ ಕೇಳೋ ಹಾಗಾಯ್ತು ನಿನ್ನ ಕಥೆ."

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಇಪ್ಪತ್ತಾರು ವರ್ಷದಿಂದ ಇಲ್ಲಿ ಜೀವಕೋಶಗಳಿಗೆ ಆಹಾರ ಹಾಕಿಕೊಂಡು, ತಟ್ಟೆ ತೊಳೆದುಕೊಂಡು ಬಂದಿರುವ ಸಹಾಯಕಿ. ನಿರ್ದೇಶಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರಿಗೂ ಅಕ್ಕ.

ಅರ್ಜಿಯಲ್ಲಿ ಒಂದೇ ಒಂದು ಚೌಕ ಖಾಲಿ ಉಳಿದಿತ್ತು. 'ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧದಲ್ಲಿ ನಿಮ್ಮ ಸ್ವಂತ ಪಾತ್ರವೇನು?' ಆ ಪ್ರಬಂಧ ಬರೀ ಎರಡು ಪುಟದ್ದು. ಅದೊಂದಕ್ಕೇ ಎಂಟುನೂರ ನಲವತ್ತಾರು ಉಲ್ಲೇಖ. ತನ್ನ ಯೌವನವನ್ನೆಲ್ಲ ಸುರಿದು ಬರೆದ ಉಳಿದ ಮೂವತ್ತು ಸೇರಿದರೂ ಅದರ ಅರ್ಧಕ್ಕೆ ಬರುತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಇಲ್ಲಿ ನರಕೋಶಗಳು ಬದುಕುತ್ತಲೇ ಇರಲಿಲ್ಲ. ಎಲ್ಲರೂ ಗಳಿಗೆಗೊಮ್ಮೆ, ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದು, ತಟ್ಟೆ ಎತ್ತಿ, ಸೂಕ್ಷ್ಮದರ್ಶಕದಡಿ ಇಟ್ಟು ನಿಟ್ಟುಸಿರುಬಿಡುತ್ತಿದ್ದರು. ಒಮ್ಮೆ ಅಕ್ಕ ಅದಕ್ಕೆ ಬೀಗ ಹಾಕಿ, ತಂಗಿಯ ಹೆರಿಗೆಗೆಂದು ಬೀಗದಕೈ ಸಮೇತ ಮೂರು ದಿನ ಹೋಗಿಬಿಟ್ಟರು. ಸಂಶೋಧಕಿ ಹಾರಾಡಿದಳು. ನಾಲ್ಕನೆಯ ದಿನ ಬಾಗಿಲು ತೆಗೆದರೆ ತಟ್ಟೆಯ ತುಂಬ ಜೀವಂತ ಕೋಶಗಳು. "ಮರೆತು ಹೋಗಿದ್ದಲ್ಲ, ಬೇಕಂತಲೇ ಒಯ್ದೆ. ನಿಮ್ಮ ಕಾಟ ತಡೀಲಾರದೆ ಸಾಯ್ತಿದ್ವು ಅವು," ಎಂದಿದ್ದರು ಅಕ್ಕ. ಅದೇ ಆ ಎರಡು ಪುಟ.

'ವಿಧಾನದ ಕಲ್ಪನೆ ಸಂಪೂರ್ಣವಾಗಿ ನನ್ನದು' ಎಂದು ಟೈಪ್ ಮಾಡಿದಳು. ಅಳಿಸಿದಳು. ಮತ್ತೆ ಟೈಪ್ ಮಾಡಿದಳು.

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದು ಹಿಂದೆ ನಿಂತರು. "ಏನದು ಎಂಟುನೂರ ನಲವತ್ತಾರು?"

"ನಾವು ಮೂರು ದಿನ ಮುಚ್ಚಿಟ್ಟಿದ್ವಲ್ಲ ಅಕ್ಕ, ಅದನ್ನ ಓದಿ ಅಷ್ಟು ಜನ ತಮ್ಮ ಪ್ರಬಂಧದಲ್ಲಿ ಹೇಳಿದ್ದಾರೆ."

"ಅಯ್ಯೋ! ಅಷ್ಟು ಕಡೆ ಬಾಗಿಲು ಮುಚ್ಚಿಡ್ತಾರಾ?" ಅಕ್ಕನ ಮುಖ ಅರಳಿತು. ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಅದರಲ್ಲಿ ನಾನೆಲ್ಲಿದ್ದೀನಿ, ತೋರಿಸು ನೋಡೋಣ."

ಬೇರೆ ದಾರಿಯಿರಲಿಲ್ಲ. ಸಂಶೋಧಕಿ ಎರಡನೆಯ ಪುಟದ ಕೊನೆಯ ಸಾಲಿಗೆ ಹೋದಳು. ಇರುವೆಯಂಥ ಅಕ್ಷರಗಳಲ್ಲಿ ಇಷ್ಟೇ ಇತ್ತು: 'ಪ್ರಯೋಗಾಲಯದ ಸಿಬ್ಬಂದಿಗೆ ಕೃತಜ್ಞತೆಗಳು.'

ಅಕ್ಕ ಅದನ್ನು ಎರಡು ಸಲ ಓದಿದರು.

"ಹನ್ನೆರಡು ವರ್ಷ ದಿನಾ ಒಟ್ಟಿಗೆ ಕೂತು ಟೀ ಕುಡಿದಿದ್ದೀವಿ," ಎಂದರು ಮೆಲ್ಲಗೆ. "ನಾನಾಗಿ ಕೇಳಲಿಲ್ಲ. ನೀನಾದರೂ ಹೇಳಬಹುದಿತ್ತು." ಜಗಳವಾಡಿದ್ದರೆ ವಾಸಿಯಿತ್ತು. ಅಕ್ಕ ಹೋಗಿ ತಟ್ಟೆಗಳ ಮುಂದೆ ಬೆನ್ನು ತಿರುಗಿಸಿ ನಿಂತರು.

ಸಂಶೋಧಕಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಿಜ ಬರೆದರೆ ಹುದ್ದೆ ಕೈತಪ್ಪುವುದು ಹೆಚ್ಚುಕಡಿಮೆ ಖಚಿತ; ಮುಂದಿನ ಅವಕಾಶ ಬರುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ. ಗಡಿಯಾರ ಐದಕ್ಕೆ ಹನ್ನೊಂದು ನಿಮಿಷ ತೋರಿಸುತ್ತಿತ್ತು. ಬರೆದದ್ದನ್ನು ಪೂರ್ತಿ ಅಳಿಸಿದಳು. 'ಈ ವಿಧಾನವನ್ನು ಕಂಡುಹಿಡಿದವರು ನಮ್ಮ ಪ್ರಯೋಗಾಲಯದ ಸಹಾಯಕಿ ಶ್ರೀಮತಿ' ಎಂದು ಬರೆದು, ಅಲ್ಲೇ ನಿಂತಳು.

"ಅಕ್ಕಾ," ಎಂದಳು. "ನಿಮ್ಮ ಪೂರ್ತಿ ಹೆಸರು ಹೇಗೆ ಬರೀತೀರಿ?"

ಅಕ್ಕ ತಟ್ಟೆಗಳಿಗೆ ಗುರುತಾಗಿ ಅಂಟಿಸುವ ಬಿಳಿ ಟೇಪಿನಿಂದ ಒಂದು ತುಂಡು ಹರಿದು, ಪೆನ್ನಿನಿಂದ ನಿಧಾನವಾಗಿ ತಮ್ಮ ಹೆಸರು ಬರೆದರು. ರೂಢಿಯಂತೆ ಕೆಳಗೆ ಆ ದಿನದ ತಾರೀಖನ್ನೂ ಹಾಕಿದರು. ಬಂದು ಅದನ್ನು ಪರದೆಯ ಅಂಚಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು.

ಸಂಶೋಧಕಿ ಆ ಟೇಪನ್ನು ನೋಡಿಕೊಂಡು ಒಂದೊಂದೇ ಅಕ್ಷರ ಟೈಪ್ ಮಾಡತೊಡಗಿದಳು.