ಅಕ್ಕನ ಮೂಲೆ

ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡದ ಆಯ್ಕೆಗೆ ಹೋದ ನನ್ನ ತಂಗಿ ಮೊದಲ ಎರಡು ದಿನಗಳಲ್ಲಿ ಏಳು ಸಲ ಯಾರೂ ಇಲ್ಲದ ಮೂಲೆಗೆ ಚೆಂಡು ಎಸೆದಳು. ತಪ್ಪು ಅವಳದಲ್ಲ, ನನ್ನದು. ಅದನ್ನು ಸರಿಯಾಗಿ ಹೇಳಬೇಕಾದರೆ ಹೈಸ್ಕೂಲಿನಿಂದಲೇ ಶುರು ಮಾಡಬೇಕು.

ನಾನು ಎಂಟನೆಯ ತರಗತಿಯಲ್ಲಿ ಒಮ್ಮೆ ಫೇಲಾಗಿದ್ದೆ. ಹಾಗಾಗಿ ನನಗಿಂತ ಒಂದು ವರ್ಷ ಚಿಕ್ಕವಳಾದ ತಂಗಿಯ ಬೆಂಚಿಗೇ ಬಂದು ಕೂತೆ. ಅವಳು ಕುಳ್ಳಿ, ಮನೆಯಲ್ಲೂ ಶಾಲೆಯಲ್ಲೂ ಚೋಟು ಎಂದೇ ಕರೆಯುತ್ತಿದ್ದರು. ನಾನು ಉದ್ದ. ಆ ಒಂದೇ ಕಾರಣಕ್ಕೆ ಡ್ರಿಲ್ ಮೇಷ್ಟ್ರು ನನ್ನನ್ನು ತಂಡಕ್ಕೆ ಹಾಕಿಕೊಂಡರು, ಅವಳನ್ನು ಬೇಡವೆಂದರು.

"ನಾನಿಲ್ದೆ ಅಕ್ಕ ಮೈದಾನಕ್ಕೆ ಕಾಲಿಡಲ್ಲ ಸಾರ್. ಬೇಕಾದ್ರೆ ಕೇಳಿ ನೋಡಿ," ಎಂದಳು ಚೋಟು.

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಒಂದು ಕೊಂಡರೆ ಒಂದು ಬಿಟ್ಟಿ ಎಂಬ ಲೆಕ್ಕದಲ್ಲಿ ಇಬ್ಬರೂ ಸೇರಿದೆವು. ತಿಂಗಳು ಕಳೆಯುವುದರೊಳಗೆ ಬಿಟ್ಟಿ ಬಂದದ್ದೇ ಮೇಲು ಎಂದು ಅವರಿಗೆ ಗೊತ್ತಾಯಿತು. ಚೋಟು ಗಾರ್ಡ್ ಆದಳು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಮುಂದೆ ತರುವವಳು, ಯಾರ ಕೈಗೆ ಕೊಡಬೇಕೆಂದು ಕ್ಷಣದಲ್ಲಿ ತೀರ್ಮಾನಿಸುವವಳು ಗಾರ್ಡ್. ಅವಳು ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ ಚೆಂಡು ಕಳಿಸುತ್ತಿದ್ದಳು. ಅದನ್ನು ನೋಡಲೆಂದೇ ಬೇರೆ ಶಾಲೆಯವರು ಬಂದು ನಿಲ್ಲುತ್ತಿದ್ದರು.

ಮೊದಲ ಪಂದ್ಯದಲ್ಲಿ ಎದುರು ತಂಡದವರು ಮೊಣಕೈ ಬೀಸುತ್ತ ನುಗ್ಗಿ ಬಂದದ್ದನ್ನು ಕಂಡು ನಾನು ಕಾಲಿಗೆ ಬುದ್ಧಿ ಹೇಳಿದೆ. ಅಂಗಳ ಬಿಟ್ಟು ಓಡುವಂತಿಲ್ಲವಲ್ಲ, ಬುಟ್ಟಿಯ ಎಡಗಡೆ, ಎರಡು ಬಿಳಿ ಗೆರೆ ಕೂಡುವ ಮೂಲೆಗೆ ಹೋಗಿ ನಿಂತೆ. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ. ಆದರೆ ಮೂರು ಜನರ ನಡುವೆ ಸಿಕ್ಕಿಕೊಂಡಿದ್ದ ಚೋಟು, ನನ್ನ ಕಡೆ ತಿರುಗಿಯೂ ನೋಡದೆ, ಚೆಂಡನ್ನು ಸೀದಾ ನನ್ನ ಎದೆಗೆ ಕಳಿಸಿದಳು. ಅದು ನನ್ನಿಂದ ತೊಲಗಿದರೆ ಸಾಕೆಂದು ಮೇಲಕ್ಕೆಸೆದೆ. ಬುಟ್ಟಿಯೊಳಗೆ ಬಿತ್ತು.

"ತಲೆ ಇದೆ ಕಣಮ್ಮ ನಿನಗೆ. ಎಂಥಾ ಜಾಗ ಹಿಡಿದೆ," ಎಂದರು ಮೇಷ್ಟ್ರು.

ನನಗೆ ತಲೆ ಇದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಹೆದರಿ ಬಂದು ನಿಂತೆ ಎನ್ನಲು ನಾಲಿಗೆ ಹೊರಳಲಿಲ್ಲ. ಚೋಟು ಕೂಡ ನಂಬಿದಳು. ಆ ಜಾಗಕ್ಕೆ ಅಕ್ಕನ ಮೂಲೆ ಎಂದು ಹೆಸರಿಟ್ಟವಳು ಅವಳೇ.

ಹೈಸ್ಕೂಲಿನಲ್ಲಿ ಮೂರು ವರ್ಷ, ಆಮೇಲೆ ಊರಿನ ತಂಡದಲ್ಲಿ ಮೂರು ವರ್ಷ ಹೀಗೇ ನಡೆಯಿತು. ಹೈಸ್ಕೂಲು ಮುಗಿದ ಮೇಲೆ ಹಗಲು ಇಬ್ಬರಿಗೂ ಅಮ್ಮನ ಜೊತೆ ಲಾಂಡ್ರಿಯಲ್ಲಿ ಕೆಲಸ. ಆಸ್ಪತ್ರೆಗಳ ಬೆಡ್‌ಶೀಟುಗಳು ಇಸ್ತ್ರಿಯ ಬಿಸಿ ಉರುಳೆಯಿಂದ ಹೊರಬರುತ್ತಿದ್ದಂತೆ ಇಬ್ಬರು ಎರಡು ತುದಿ ಹಿಡಿದು ಮಡಚಬೇಕು. ದಿನಕ್ಕೆ ನಾಲ್ಕು ನೂರು ಶೀಟು. ಸಂಜೆ ಆಟ. ಆಟವಿಲ್ಲದ ಸಂಜೆಗಳಲ್ಲಿ ನಾನು ಸಂಜೆ ತರಗತಿಗೆ ಹೋಗುತ್ತಿದ್ದೆ, ಚೋಟು ಲಾಂಡ್ರಿಯ ಹಿಂದಿನ ಗೋಡೆಗೆ ಚೆಂಡು ಬಡಿಯುತ್ತಿದ್ದಳು. ಗೋಡೆಯ ಗಾರೆ ಉದುರುತ್ತಿದೆ ಎಂದು ಮ್ಯಾನೇಜರು ಗೊಣಗಿದರೆ ಅಮ್ಮ, "ಅವಳು ಹೊಡೆದಿದ್ದಕ್ಕೆ ಬೀಳೋ ಗೋಡೆ ಅವಳು ಹೊಡೀದಿದ್ರೂ ಬೀಳತ್ತೆ ಬಿಡಿ," ಎನ್ನುತ್ತಿದ್ದಳು.

ಕೊನೆಗೆ ದೊಡ್ಡ ಕ್ಲಬ್ಬಿನಿಂದ ಚೋಟುವಿಗೆ ಕಾಗದ ಬಂತು. ಐದು ದಿನದ ಆಯ್ಕೆ, ಹದಿನೆಂಟು ಹುಡುಗಿಯರು, ಖಾಲಿ ಇರುವುದು ಎರಡೇ ಸ್ಥಾನ. ಇಪ್ಪತ್ತು ತುಂಬಿದವರನ್ನು ಅವರು ಹೊಸದಾಗಿ ತೆಗೆದುಕೊಳ್ಳುವುದಿಲ್ಲ. ಚೋಟುವಿಗೆ ಮುಂದಿನ ತಿಂಗಳು ಇಪ್ಪತ್ತು ತುಂಬುತ್ತಿತ್ತು. ಈ ಸಲ ತಪ್ಪಿದರೆ ಇನ್ನೊಂದು ಸಲ ಎಂಬುದಿರಲಿಲ್ಲ. ಜೊತೆಗೆ ಒಬ್ಬರು ಬರಬಹುದು ಎಂದಿದ್ದರಿಂದ ನಾನು ಹೊರಟೆ.

ಕ್ಲಬ್ಬಿನ ಒಳಾಂಗಣದ ಮರದ ನೆಲದಲ್ಲಿ ಮುಖ ಕಾಣುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತೆ. ಅವಳ ತಂಡಕ್ಕೆ ಹಾಕಿದ್ದ ಉದ್ದನೆಯ ಹುಡುಗಿಯನ್ನು ಎಲ್ಲರೂ ಏಣಿ ಎಂದು ಕರೆಯುತ್ತಿದ್ದರು. ಆಟ ಶುರುವಾದ ಐದು ನಿಮಿಷಕ್ಕೆ ಚೋಟು ಬಲಗಡೆ ನೋಡುತ್ತ ಎಡಮೂಲೆಗೆ ಚೆಂಡು ಕಳಿಸಿದಳು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೆರೆ ದಾಟಿ ನೀರಿನ ಬಾಟಲಿಗಳನ್ನು ಉರುಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಾರನೆಯ ದಿನದ ಹೊತ್ತಿಗೆ ಒಟ್ಟು ಏಳಾಯಿತು.

"ಅಲ್ಲಿ ಯಾರಿದ್ದಾರಮ್ಮ?" ಎಂದು ಕೇಳಿದರು ಕೋಚ್ ಮೇಡಂ. "ನನಗಂತೂ ಕಾಣ್ತಿಲ್ಲ. ಕನ್ನಡಕ ಬದಲಾಯಿಸಬೇಕೇನೋ."

ಹುಡುಗಿಯರು ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. "ನಾಳೆಯೂ ಹೀಗೇ ಆದ್ರೆ ನಾಡಿದ್ದು ಬರೋದು ಬೇಡ," ಎಂದರು.

ಮೂರನೆಯ ದಿನ ಬೆಳಿಗ್ಗೆ ಹಾಸ್ಟೆಲಿನ ಕೋಣೆಯಲ್ಲಿ ನಾವು ಬೆಡ್‌ಶೀಟ್ ಮಡಚುತ್ತಿದ್ದೆವು. ಮಡಚಿಡಿ ಎಂದು ಯಾರೂ ಹೇಳಿರಲಿಲ್ಲ, ಅದು ಕೈಗೆ ಅಂಟಿದ್ದ ಕೆಲಸ.

"ಅವರಿಗೆ ಆಟ ಗೊತ್ತಿಲ್ಲ ಅಕ್ಕ," ಎಂದಳು ಚೋಟು. "ಅಂಥಾ ಜಾಗ ಖಾಲಿ ಬಿಡ್ತಾರೆ. ಇವತ್ತೂ ಅಲ್ಲಿಗೇ ಹಾಕ್ತೀನಿ. ಯಾರಾದ್ರೂ ಬಂದು ನಿಲ್ಲೋದು ಕಲೀಲಿ."

ತುದಿಗೆ ತುದಿ ಸೇರಿಸಲು ಅವಳು ಹತ್ತಿರ ಬಂದಳು.

"ಚೋಟು, ಅದು ಸರಿಯಾದ ಜಾಗ ಅಲ್ಲ ಕಣೇ."

"ಮತ್ತೆ?"

"ನಾನು ಅಲ್ಲಿ ಬಚ್ಚಿಟ್ಕೊಳ್ತಿದ್ದೆ."

ಅವಳು ನನ್ನನ್ನೇ ನೋಡಿದಳು. "ಆರು ವರ್ಷ?"

"ಮೊದಲು ಬರೀ ಭಯ. ಆಮೇಲೆ ಅಭ್ಯಾಸ ಆಯ್ತು. ಮೇಷ್ಟ್ರು ಹೊಗಳಿದ್ರು, ನಾನು ಸುಮ್ಮನಿದ್ದುಬಿಟ್ಟೆ."

ಅವಳು ಕೈಯಲ್ಲಿದ್ದ ತುದಿಯನ್ನು ಬಿಟ್ಟಳು. ಬಟ್ಟೆ ನೆಲಕ್ಕೆ ಬಿತ್ತು. ಶೂ ಎತ್ತಿಕೊಂಡು ಬರಿಗಾಲಲ್ಲೇ ಹೊರಟುಹೋದಳು.

ಆ ಬೆಳಿಗ್ಗೆ ಅವಳು ಯಾರಿಗೂ ಚೆಂಡು ಕೊಡಲಿಲ್ಲ. ಮುಂದೆ ತಂದು, ನಿಂತು, ಅಕ್ಕಪಕ್ಕ ನೋಡಿ, ಎದುರಾಳಿಗೆ ಕಳೆದುಕೊಳ್ಳುತ್ತಿದ್ದಳು. ಮೇಡಂ ಅವಳನ್ನು ಕರೆದು ಬೆಂಚಿನಲ್ಲಿ ಕೂರಿಸಿದರು. ಹೇಳದಿದ್ದರೆ ಮೂಲೆಗಾದರೂ ಎಸೆಯುತ್ತಿದ್ದಳು, ಈಗ ಅದೂ ಇಲ್ಲ. ಆರು ವರ್ಷ ಮುಚ್ಚಿಟ್ಟವಳು ಇನ್ನೆರಡು ದಿನ ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ನನ್ನನ್ನು ನಾನೇ ಬೈದುಕೊಂಡೆ. ಎದ್ದು ಹೋಗಿಬಿಡಲೇ ಎಂದೂ ಅನಿಸಿತು. ಹಾಗೆ ಹೋಗುವುದೂ ಇನ್ನೊಂದು ಮೂಲೆಯೇ ಎಂದು ತೋಚಿ ಅಲ್ಲೇ ಕೂತೆ.

ಮಧ್ಯಾಹ್ನ ಆಟ ಇನ್ನೂ ನಡೆಯುತ್ತಿರುವಾಗಲೇ ಅವಳು ಮೆಟ್ಟಿಲು ಹತ್ತಿ ಬಂದಳು. ಮುಖ ಊದಿಕೊಂಡೇ ಇತ್ತು. ನನ್ನಿಂದ ಒಂದು ಮಾರು ದೂರ ಕೂತಳು.

"ಏಣೀನ ನೋಡು," ಎಂದಳು.

ನೋಡಿದೆ. ಎದುರಾಳಿಗಳು ನುಗ್ಗಿದ ಕೂಡಲೇ ಏಣಿ ಬಲಗಡೆ ಗೆರೆಯ ಹತ್ತಿರ ಸರಿದು ಬಗ್ಗಿ ಶೂ ಲೇಸು ಕಟ್ಟಿಕೊಂಡಳು.

"ಬೆಳಿಗ್ಗೆಯಿಂದ ಹನ್ನೊಂದು ಸಲ ಕಟ್ಟಿದ್ದಾಳೆ. ಅದು ಬಿಚ್ಚಿಕೊಂಡೇ ಇಲ್ಲ," ಎಂದಳು ಚೋಟು. "ನಿನ್ನ ಜಾತಿಯವಳೇ."

ನಾನು ಏಣಿಯ ಶೂ ಕಡೆ ನೋಡಿದೆ.

"ತಲೆಗೆ ಹಳದಿ ಪಟ್ಟಿ ಕಟ್ಟಿದವಳು ಹೆದರಿದ್ರೆ ನಡುವಿಗೆ ಓಡ್ತಾಳೆ. ಆ ಜಡೆಯವಳಿಗೆ ಭಯ ಅನ್ನೋದೇ ಇಲ್ಲ, ಅವಳ ಹತ್ರ ಯಾವಾಗಲೂ ಮೂರು ಜನ ಇರ್ತಾರೆ. ಖಾಲಿ ಇರೋದು ಹೆದರಿದವಳೇ." ಅವಳು ನನ್ನ ಕಡೆ ತಿರುಗಿದಳು. "ಅಲ್ಲಿ ನಿಂತಾಗ ಚೆಂಡು ಹೇಗೆ ಬಂದ್ರೆ ನಿನಗೆ ಹಿಡಿಯೋಕೆ ಧೈರ್ಯ ಬರ್ತಿತ್ತು? ನಿಜ ಹೇಳು. ಇನ್ನು ಸುಳ್ಳು ಹೇಳಿದ್ರೆ ನೋಡು."

ತಪ್ಪು ಉತ್ತರ ಹೇಳಿಬಿಟ್ಟೇನು ಎಂಬ ಹೆದರಿಕೆಯಲ್ಲಿ ಆ ಮೂಲೆಯಲ್ಲಿ ನಿಂತದ್ದನ್ನು ನೆನಪಿಸಿಕೊಂಡೆ.

"ನೆಲಕ್ಕೆ ಒಂದು ಸಲ ಪುಟಿದು ಬಂದ್ರೆ," ಎಂದೆ. "ಮತ್ತೆ, ಮೊದಲೇ ಒಂದು ಸಲ ನೀನು ನನ್ನ ಮುಖ ನೋಡಿದ್ರೆ. ನೀನು ಯಾವತ್ತೂ ನೋಡ್ತಿರಲಿಲ್ಲ."

ಅವಳು ತುಟಿ ಕಚ್ಚಿಕೊಂಡಳು. ನೋಡದೆ ಎಸೆಯುವುದೇ ಅವಳ ಹೆಸರಿಗೆ ಕಾರಣವಾಗಿದ್ದ ವಿದ್ಯೆ. ಅದನ್ನು ಬಿಡು ಎಂದು ನಾನು ಹೇಳಿದಂತಾಗಿತ್ತು.

"ನೋಡಿದ್ರೆ ಎದುರಿನವಳಿಗೂ ಗೊತ್ತಾಗತ್ತಲ್ಲೇ."

"ಗೊತ್ತಾಗತ್ತೆ. ಅವಳಿಗಿಂತ ನೀನು ಬೇಗ ಇರಬೇಕು, ಅಷ್ಟೇ."

"ಅಷ್ಟೇ ಅಂತೆ. ಮಾತು ನೋಡು ಬಚ್ಚಿಟ್ಕೊಂಡವಳದ್ದು," ಎಂದು ಎದ್ದು ಕೆಳಗಿಳಿದಳು.

ಮೇಡಂ ಕೊನೆಯ ಹದಿನೈದು ನಿಮಿಷಕ್ಕೆ ಅವಳನ್ನು ಮತ್ತೆ ಇಳಿಸಿದರು. ಏಣಿ ಬಲಗಡೆಗೆ ಸರಿದು ಬಗ್ಗುವಷ್ಟರಲ್ಲಿ ಚೋಟು ಅವಳ ಮುಖವನ್ನು ನೇರವಾಗಿ ನೋಡಿದಳು. ಲೇಸಿನ ಕಡೆ ಹೋಗುತ್ತಿದ್ದ ಕೈ ಅರ್ಧದಲ್ಲಿ ನಿಂತಿತು. ಚೆಂಡು ಒಮ್ಮೆ ಪುಟಿದು ಆ ಕೈಗಳೊಳಗೆ ಹೋಯಿತು. ಏಣಿ ಎಸೆದಳು, ಬುಟ್ಟಿಗೆ ಬೀಳಲಿಲ್ಲ. ಚೋಟು ಮುಂದಿನ ಸಲವೂ ಅವಳಿಗೇ ಕೊಟ್ಟಳು. ಬಿತ್ತು. ಆ ಸಂಜೆ ಚೋಟು ಮೂರು ಚೆಂಡು ಕಳೆದುಕೊಂಡಳು, ನೋಡಿ ಕೊಟ್ಟದ್ದಕ್ಕೇ ಕಳೆದುಕೊಂಡಳು. ಆದರೆ ಎಡಮೂಲೆಯ ನೀರಿನ ಬಾಟಲಿಗಳು ಹಾಗೇ ನಿಂತಿದ್ದವು.

ನಾಲ್ಕನೆಯ ದಿನ ಬರಬೇಡ ಎಂದು ಯಾರೂ ಹೇಳಲಿಲ್ಲ.

ಐದನೆಯ ದಿನ ಮೇಡಂ ಎರಡು ಹೆಸರು ಓದಿದರು. ಮೊದಲನೆಯದು ಜಡೆಯವಳದು. ಎರಡನೆಯದು ಚೋಟುವಿನದು, ಒಂದು ಸೀಸನ್‌ಗೆ, ಮೂರನೆಯ ಗಾರ್ಡ್ ಆಗಿ. ಏಣಿಯ ಹೆಸರು ಬರಲಿಲ್ಲ. ಅವಳು ಬಂದು ಚೋಟುವಿನ ಬೆನ್ನು ತಟ್ಟಿ, "ನಿನ್ನ ಜೊತೆ ಆಡಿದ ಕೊನೆಯ ಎರಡು ದಿನ ಚೆನ್ನಾಗಿತ್ತು ಕಣೇ," ಎಂದು ಹೋದಳು. ಚೋಟು ಹೋಗುತ್ತಿದ್ದವಳನ್ನೇ ನೋಡುತ್ತ ನಿಂತಳು.

"ಆ ಮೂಲೆ ಹುಚ್ಚು ಬಿಡಿಸಿದ್ಯಾರು?" ಎಂದು ಮೇಡಂ ಕೇಳಿದರು.

"ಅಕ್ಕ," ಎಂದಳು ಚೋಟು. "ಹತ್ತಿಸಿದವಳೂ ಅವಳೇ."

ಕೋಣೆಗೆ ಬಂದು ಗಂಟು ಕಟ್ಟುವಾಗ ಅವಳು ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕಡೆ ಎಸೆದಳು. ಅಂಚಿಗೆ ಅಂಚು ಸೇರಿಸಿ ಮಡಚಿದೆವು.

ಅವಳ ಮೊದಲ ಪಂದ್ಯಕ್ಕೆ ಅಮ್ಮನೂ ನಾನೂ ಹೋದೆವು. ಅವಳು ಕಳಿಸಿದ್ದ ಟಿಕೆಟ್ಟು ಎಡಮೂಲೆಯ ಹಿಂದಿನ ಎರಡನೆಯ ಸಾಲಿನದು. ಕೊನೆಯ ನಾಲ್ಕು ನಿಮಿಷಕ್ಕೆ ಅವಳನ್ನು ಇಳಿಸಿದರು. ಚೆಂಡು ಹಿಡಿದು ಓಡಿ ಬಂದವಳು ಒಂದೇ ಒಂದು ಸಲ ನಮ್ಮ ಕಡೆ ಕಣ್ಣು ಹಾಯಿಸಿದಳು. ಆಮೇಲೆ ಬಲಗಡೆ ಒಬ್ಬಳೇ ನಿಂತಿದ್ದ ಹುಡುಗಿಯ ಮುಖ ನೋಡಿ ಚೆಂಡು ಕೊಟ್ಟಳು.

ಅಮ್ಮ ನನ್ನ ಮೊಣಕೈ ತಿವಿದಳು. "ಕೈ ಇಳಿಸೇ. ಮುಂದಿನವರ ತಲೆಗೆ ತಾಗತ್ತೆ."

ನೋಡಿಕೊಂಡೆ. ನನ್ನ ಎರಡೂ ಕೈಗಳು ಎದೆಯ ಮುಂದೆ, ಚೆಂಡು ಹಿಡಿಯಲು ಅಗಲಿಸಿಕೊಂಡು ನಿಂತಿದ್ದವು.