ಹತ್ತು ಸಲ ಕೂಡಿದರೆ

“ಲೋಕದಲ್ಲಿರೋ ಕಂಪ್ಯೂಟರನ್ನೆಲ್ಲ ತಂದು ರಾಶಿ ಹಾಕಿದ್ರೂ ಇವರ ಕಿರುಬೆರಳಿಗೆ ಸಮ ಇಲ್ಲ,” ಎನ್ನುತ್ತ ಮುದುಕಿ ತೀರಿಕೊಂಡ ಗಂಡನ ಅಂಗಿಗೆ ಮೇಲಿನ ಗುಂಡಿ ಹಾಕಿದಳು. “ಜನ್ಮದಲ್ಲಿ ಇವರ ಲೆಕ್ಕ ಒಂದೇ ಒಂದು ಸಲ ತಪ್ಪಿಲ್ಲ.”

ಗೋಡೆಗೊರಗಿ ಕೂತಿದ್ದ ನಾದಿನಿ ಮೂಗು ಒರೆಸಿಕೊಂಡಳು. “ಅತ್ತಿಗೆ, ಇವತ್ತಾದ್ರೂ ಸ್ವಲ್ಪ ಕಮ್ಮಿ ಹೇಳಿ.”

“ಸರಿ, ಅರ್ಧ ಸುಳ್ಳು ಅಂತಿಟ್ಕೋ. ಯಾವ ಅರ್ಧ, ನೀನೇ ಹೇಳು ನೋಡೋಣ.”

ಸಾವಿನ ಮನೆಯಲ್ಲಿ ನಗಬಾರದೆಂದು ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ಮುದುಕಿ ಮಾತ್ರ ನಗಲಿಲ್ಲ. ಗುಂಡಿ ಸರಿಯಾಗಿದ್ದರೂ ಬಿಚ್ಚಿ ಮತ್ತೆ ಹಾಕಿದಳು.

ಸ್ಮಶಾನಕ್ಕೆ ಒಯ್ಯುವ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಸತ್ತವನ ಜೊತೆ ನರ್ಸಿಂಗ್ ತರಬೇತಿ ಶಾಲೆಯ ಕಚೇರಿಯಲ್ಲಿ ದುಡಿದಿದ್ದ ಟೈಪಿಸ್ಟ್ ಕುರ್ಚಿಯ ತುದಿಯಲ್ಲಿ ಕೂತಿದ್ದ.

“ಇವನನ್ನ ಪಾಯಿಂಟಪ್ಪ ಅಂತಿದ್ವಿ ನಾವು,” ಅಂದ ಅವನು. “ಫಲಿತಾಂಶದ ಪ್ರೋಗ್ರಾಮೆಲ್ಲ ಇವನದೇ ಕೈ. ದಶಮಾಂಶದ ಪಾಯಿಂಟ್ ಆದ್ಮೇಲೆ ಹದಿನೈದು ಅಂಕಿ ನೋಡ್ದೆ ಕಾಫಿ ಕುಡೀತಿರ್ಲಿಲ್ಲ.”

ಮೂಲೆಯಲ್ಲಿ ಆರೈಕೆಯವಳು ಹಾಸಿಗೆಯ ರಬ್ಬರ್ ಹೊದಿಕೆಯನ್ನು ಮಡಿಸುತ್ತಿದ್ದಳು. ನಲವತ್ತೈದು ದಾಟಿದ ಹೆಂಗಸು. ಎಂಟು ತಿಂಗಳು ಮುದುಕನಿಗೆ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಲ್ಲಿ ಒಂದು ಹುಣ್ಣೂ ಏಳದಂತೆ ನೋಡಿಕೊಂಡಿದ್ದಳು.

“ಏನು ಅಚ್ಚುಕಟ್ಟಮ್ಮ ನಿನ್ನ ಕೆಲ್ಸ. ನರ್ಸಾ ನೀನು?” ಟೈಪಿಸ್ಟ್ ಕೇಳಿದ.

“ಅಲ್ಲ ಸರ್. ನಿಮ್ಮ ಶಾಲೇಲೇ ಓದಿದ್ದು. ಒಂದು ಮಾರ್ಕಲ್ಲಿ ಹೋಯ್ತು. ಒಂದು ದಿನಾನೂ ಕ್ಲಾಸ್ ತಪ್ಪಿಸಿರ್ಲಿಲ್ಲ.”

“ಮತ್ತೆ ಪರೀಕ್ಷೆ ಕಟ್ಟಬಹುದಿತ್ತಲ್ಲ?”

“ಫೇಲಾದೋಳಿಗೆ ಓದು ಯಾಕೆ ಅಂತ ಅಪ್ಪ ಮದುವೆ ಮಾಡ್ಬಿಟ್ರು.”

“ಹಣೆಬರಹ, ಬಿಡು.”

ಮುದುಕಿಗೆ ಯಾರೋ ಬೆನ್ನಿಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಹಣೆಬರಹವಂತೆ. ಬರೆದ ಕೈ ಇಲ್ಲೇ ಅಂಗಿಯೊಳಗೆ ತಣ್ಣಗೆ ಬಿದ್ದಿತ್ತು. ಅದನ್ನು ಬಚ್ಚಿಟ್ಟ ಕೈ ಗುಂಡಿ ತಡವುತ್ತಿತ್ತು.

\*

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಸಂಜೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ಗಂಡ ಸುಣ್ಣ ಬಳಿದಂಥ ಮುಖ ಹೊತ್ತು ಬಂದ.

ಹತ್ತು ತಿಂಗಳ ತರಬೇತಿ. ರಜೆ ಹಾಕದ ಪ್ರತಿ ತಿಂಗಳಿಗೂ ಒಂದು ಅಂಕದ ಹತ್ತನೇ ಒಂದು ಪಾಲು. ಹತ್ತೂ ಸೇರಿ ಪೂರ್ತಿ ಒಂದಾದರೆ ಆ ಅಂಕ ಸಿಗುತ್ತದೆ, ಚೂರು ಕಡಿಮೆಯಾದರೂ ಸೊನ್ನೆ. ಇದು ಶಾಲೆಯ ನಿಯಮ.

“ಒಂದನ್ನ ಮೂರು ಪಾಲು ಮಾಡಿ ಬರೀತಾ ಹೋಗು,” ಅಂದ ಅವನು. “ಸೊನ್ನೆ ಪಾಯಿಂಟ್ ಮೂರು ಮೂರು ಮೂರು, ಮುಗಿಯೋದೇ ಇಲ್ಲ. ಕಂಪ್ಯೂಟರಿಗೆ ಹತ್ತನೇ ಪಾಲೂ ಹಾಗೇ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಹತ್ತು ಸಲ ಕೂಡಿದ್ರೆ ಒಂದಕ್ಕೆ ಕೂದಲೆಳೆಯಷ್ಟು ಕಮ್ಮಿ ಬರುತ್ತೆ. ಕಮ್ಮಿ ಬಂದ್ರೆ ಸೊನ್ನೆ ಅಂತ ಬರೆದೋನು ನಾನೇ.”

“ಕತ್ತರಿಸೋವಾಗ ಹೊಲಿಗೆಗೆ ಒಂದಿಷ್ಟು ಬಟ್ಟೆ ಬಿಡ್ಬೇಕು ಅಂತ ಎರಡನೇ ಕ್ಲಾಸು ಓದಿದ ನನಗೇ ಗೊತ್ತಲ್ಲ.”

“ಪಾಲು ಕೂಡಲೇಬಾರದಿತ್ತು ಕಣೇ. ತಿಂಗಳು ಎಣಿಸಬೇಕಿತ್ತು. ಒಂದು, ಎರಡು, ಮೂರು. ಪೂರ್ಣ ಸಂಖ್ಯೆ ಯಾವತ್ತೂ ಕೈ ಕೊಡಲ್ಲ.” ಅವನು ನೆಲದ ಮೇಲೇ ಕೂತುಬಿಟ್ಟ. “ಒಂದು ದಿನಾನೂ ತಪ್ಪಿಸದ ಹುಡುಗೀರಿಗೇ ಏಟು ಬಿದ್ದಿದೆ. ಮಿಕ್ಕೋರು ಹೇಗೋ ಪಾಸಾದ್ರು. ಒಬ್ಬಳು ಮಾತ್ರ ನಲವತ್ತು ಬೇಕಾದಲ್ಲಿ ಮೂವತ್ತೊಂಬತ್ತಕ್ಕೆ ನಿಂತ್ಲು. ಮೂರು ವರ್ಷ ಆಯ್ತು. ಇವತ್ತು ಕಣ್ಣಿಗೆ ಬಿತ್ತು.”

ಆ ರಾತ್ರಿಯೇ ಆ ಹುಡುಗಿಗೆ ಕಾಗದ ಬರೆದ. ತಪ್ಪು ನನ್ನದು, ನೀನು ಪಾಸು, ಇದನ್ನು ಶಾಲೆಗೆ ತೋರಿಸು ಎಂದು. ಬೆಳಿಗ್ಗೆ ಹೆಂಡತಿಯ ಕೈಗೆ ಕೊಟ್ಟು, ಅಂಚೆಗೆ ಹಾಕು ಅಂದ.

ಅವಳು ಅಂಚೆಪೆಟ್ಟಿಗೆಯವರೆಗೂ ಹೋದಳು. ಕೆಲಸ ಹೋದರೆ, ಊರೆಲ್ಲ ಆಡಿಕೊಂಡರೆ, ಪಾಯಿಂಟಪ್ಪ ಫೇಲಪ್ಪನಾದರೆ ಎಂದು ಕೈ ಹಿಂದೆ ಬಂತು. ಮನೆಗೆ ಬಂದು “ಹಾಕಿದೆ” ಅಂದಳು. ಆಯುಷ್ಯದಲ್ಲಿ ಸಾವಿರ ಬುರುಡೆ ಬಿಟ್ಟಿದ್ದಳು. ಎಲ್ಲವನ್ನೂ ಕೇಳಿದವರು ನಕ್ಕಿದ್ದರು. ಇದೊಂದನ್ನು ಕೇಳಿದವನು ನಂಬಿದ.

\*

“ಅಂಚೆ ಬಂತಾ?” ಎಂದು ಅವನು ವರ್ಷಗಟ್ಟಲೆ ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟು ಬಾಗಿಲು ನೋಡಿದ. “ಆ ಹುಡುಗಿ ನನ್ನ ಕ್ಷಮಿಸಲಿಲ್ಲ, ಸರಿಯಾಗೇ ಮಾಡಿದ್ಲು,” ಎಂದು ಒಮ್ಮೆ ಅಂದಿದ್ದ. ಹಾಸಿಗೆ ಹಿಡಿದು ಬುದ್ಧಿ ಮಂಕಾದ ಮೇಲೆ ಮತ್ತೆ ಅದೇ ಪ್ರಶ್ನೆ. ಈಗ ಉತ್ತರ ಹೇಳುತ್ತಿದ್ದವಳು ಆರೈಕೆಯವಳು.

“ನಾಳೆ ಬರುತ್ತೆ ಅಜ್ಜ, ಬಾಯಿ ತೆಗೀರಿ,” ಎಂದು ಗಂಜಿ ಕುಡಿಸುತ್ತಿದ್ದಳು.

ಕೆಲಸಕ್ಕೆ ಸೇರಿದ ದಿನವೇ ಅವಳು ಒಂದು ಮಾರ್ಕಿನ ಕತೆ ಹೇಳಿದ್ದಳು. ಮುದುಕಿ ಒಳಗೆ ಹೋಗಿ ಹೊಲಿಗೆ ಯಂತ್ರದ ಖಾನೆ ತೆರೆದು, ಅಂದು ಬಚ್ಚಿಟ್ಟಿದ್ದ ಲಕೋಟೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ್ದಳು. ಅದೇ ಹೆಸರು. ನಾಳೆ ಹೇಳ್ತೀನಿ ಅಂದುಕೊಂಡಳು. ಎಂಟು ತಿಂಗಳು ನಾಳೆ ಅಂದುಕೊಂಡಳು.

\*

ಹೊರಗೆ ಗಾಡಿ ನಿಂತ ಸದ್ದಾಯಿತು. ನಾಲ್ಕು ಜನ ಅವನನ್ನು ಎತ್ತಿಕೊಂಡು ಹೋದರು. ಎದ್ದು ಬಾಗಿಲವರೆಗೆ ಹೋದ ಮುದುಕಿ ಹಿಂತಿರುಗಿ ನೋಡಿದಳು. ಆರೈಕೆಯವಳು ಚೀಲ ಹೆಗಲಿಗೇರಿಸಿದ್ದಳು.

“ನಾಳೆಯಿಂದ ಬೇರೆ ಮನೆ ಅಮ್ಮಾ. ದೂರ. ಅಜ್ಜನ ದಿಂಬಿನ ಚೀಲ ಒಗೆದು ಹಾಕಿದೀನಿ.”

“ಒಂದು ನಿಮಿಷ ನಿಲ್ಲು ಮಗಳೇ.”

“ಅತ್ತಿಗೆ, ಗಾಡಿ ಕಾಯ್ತಿದೆ,” ನಾದಿನಿ ಕೂಗಿದಳು.

“ಕಾಯ್ಲಿ. ಅವರು ಇಪ್ಪತ್ತೆರಡು ವರ್ಷ ಕಾದಿದಾರೆ.”

ಮುದುಕಿ ಯಂತ್ರದ ಖಾನೆ ಎಳೆದಳು. ಗುಂಡಿ, ನೂಲುಂಡೆ, ಸೀಮೆಸುಣ್ಣದ ಚೂರುಗಳ ಕೆಳಗಿಂದ ಲಕೋಟೆ ಬಂತು. ಅಂಚೆಚೀಟಿಯ ಮೇಲೆ ಮುದ್ರೆ ಬಿದ್ದಿರಲಿಲ್ಲ. ಕೊಡಲು ಚಾಚಿದ ಕೈ ಅರ್ಧಕ್ಕೇ ನಿಂತಿತು. ಊರಿಗೆಲ್ಲ ಕತೆ ಕಟ್ಟಿ ಹೇಳಿದ ಬಾಯಿಗೆ ಇದನ್ನು ಎಲ್ಲಿಂದ ಶುರುಮಾಡುವುದೋ ತಿಳಿಯಲಿಲ್ಲ. ಕೊನೆಗೆ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು.

“ಒಂದರ ಹತ್ತನೇ ಪಾಲನ್ನ ಹತ್ತು ಸಲ ಕೂಡಿದ್ರೆ ಎಷ್ಟು, ಹೇಳು?”

ಆರೈಕೆಯವಳು ಕಣ್ಣೊರೆಸಿಕೊಂಡು ನಕ್ಕಳು. “ಇವತ್ತೂ ನಿಮ್ಮ ತಮಾಷೆ ಬಿಡಲ್ವಲ್ಲ. ಒಂದು.”

“ಒಂದೇ. ನಿನ್ನ ಲೆಕ್ಕ ಸರಿ.” ಮುದುಕಿ ಲಕೋಟೆಯನ್ನು ಅವಳ ಅಂಗೈಯಲ್ಲಿಟ್ಟಳು. ಆದರೆ ತನ್ನ ಬೆರಳುಗಳನ್ನು ತೆಗೆಯಲಿಲ್ಲ. “ನೀನು ಪರೀಕ್ಷೆ ಬರೆದ ವರ್ಷ, ಅಜ್ಜನ ಕಂಪ್ಯೂಟರು ಎಷ್ಟು ಅಂದಿತ್ತು?”

ಆರೈಕೆಯವಳ ಕಣ್ಣು ಲಕೋಟೆಯ ಮೇಲಿನ ತನ್ನ ಹೆಸರಿಗೆ ಇಳಿಯಿತು. ಹೆಗಲ ಚೀಲ ಮೆಲ್ಲಗೆ ಜಾರಿ ನೆಲಕ್ಕೆ ಬಿತ್ತು.

“ಈ ಕಾಗದ ಇಷ್ಟು ವರ್ಷ ಇಲ್ಲೇ ಯಾಕಿತ್ತು ಅಂತಾನೂ,” ಎಂದಳು ಮುದುಕಿ ತಲೆ ಎತ್ತದೆ, “ನೀನೇ ಹೇಳು ನೋಡೋಣ.”