ನಾಲ್ಕನೇ ಕ್ರಾಸಿನ ಹಸಿರು ಚೀಲ

ಮುನಿಲಕ್ಷ್ಮಮ್ಮನಿಗೆ ಹಸು ಮೇಯಿಸಲು ಜಾಗವಿರಲಿಲ್ಲ. ಹೇರೋಹಳ್ಳಿ ಕೆರೆಯ ಪಕ್ಕ ಅವರ ಹೊಲವಿದ್ದಲ್ಲಿ ಈಗ ನಮ್ಮ ನಾಲ್ಕನೇ ಕ್ರಾಸ್ ಇದೆ. ಹಾಗಾಗಿ ಅವರ ಕೆಂಪಿ ನಮ್ಮ ಗೇಟುಗಳ ಮುಂದೆಯೇ ಮೇಯುತ್ತಿತ್ತು. ಮನೆಯವರು ತರಕಾರಿ ಸಿಪ್ಪೆ, ಉಳಿದ ಅನ್ನವನ್ನು ಕವರಿನಲ್ಲಿ ಕಟ್ಟಿ ಇಡುತ್ತಿದ್ದರು. ಮುನಿಲಕ್ಷ್ಮಮ್ಮ ಹಸುವಿಗಿಂತ ಮುಂದೆ ನಡೆದು ಒಂದೊಂದೇ ಗಂಟು ಬಿಚ್ಚಿ ಸುರಿಯುತ್ತಿದ್ದರು.

ಅಕ್ಟೋಬರ್ ಮಳೆಗೆ ಕೆರೆಯ ಕೋಡಿ ಕವರುಗಳಿಂದ ಕಟ್ಟಿಕೊಂಡು ಚರಂಡಿ ನೀರು ಮನೆಗಳಿಗೆ ನುಗ್ಗಿತು. ಬೀದಿ ಒಂದಾಯಿತು. ಭಾನುವಾರಗಳಂದು ಎಲ್ಲರೂ ಇಳಿದು ಕೆರೆದಂಡೆಯಿಂದ ಎರಡು ಟ್ರ್ಯಾಕ್ಟರ್ ಪ್ಲಾಸ್ಟಿಕ್ ಎತ್ತಿದೆವು. ಇನ್ನು ಕವರು ಮನೆಗೆ ತರುವುದೇ ಬೇಡ ಎಂದು ತೀರ್ಮಾನವಾಯಿತು. ಹಾರ್ಡ್‌ವೇರ್ ಅಂಗಡಿಯ ಮೋಹನ್ ಕುಮಾರ್ ಮನೆಗೆ ಐದರಂತೆ ಹಸಿರು ಚೀಲ ತರಿಸಿದರು. ಮದುವೆಮನೆಯಲ್ಲಿ ತಾಂಬೂಲ ಹಾಕಿ ಕೊಡುತ್ತಾರಲ್ಲ, ಅಂಥದ್ದು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಮನೆಮನೆಗೆ ಹಂಚಿದೆ.

"ಬಟ್ಟೆ ಕಣ್ರೀ, ಮುಟ್ಟಿ ನೋಡಿ," ಅಂದರು ಮೋಹನ್ ಕುಮಾರ್. ಎಲ್ಲರೂ ಮುಟ್ಟಿ ನೋಡಿದೆವು.

ಟೈಲರ್ ದುಂಡಪ್ಪ ಮಾತ್ರ ಅಂಚನ್ನು ಉಗುರಿನಿಂದ ಕೆದಕಿದ. ಬಾಗಲಕೋಟೆ ಕಡೆಯವನು. "ಇದು ಅರಿಬಿ ಅಲ್ರೀ ಸರ. ಇದ್ರಾಗ ನೂಲ ಎಲ್ಲೈತಿ? ಹಳೆ ಸೀರಿ ಕೊಡ್ರಿ, ನಾ ಚೀಲ ಹೊಲ್ದು ಕೊಡ್ತೀನಿ."

"ಬಿಸಿನೆಸ್ ಹುಡುಕ್ತಿದೀಯಾ ಗುರು?" ಅಂದರು ಮೋಹನ್ ಕುಮಾರ್.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಟ್ಟೆ ಎಂದಾದ ಮೇಲೆ ಭಯ ಹೋಯಿತು. ಸಿಪ್ಪೆ, ಅನ್ನ ಎಲ್ಲ ಹಸಿರು ಚೀಲದಲ್ಲೇ ಗೇಟಿನಾಚೆ ಬಂದು ಕೂತವು. ಗಂಜಿ ಹತ್ತಿದ ಚೀಲ ಒಗೆಯಲು ಯಾರಿಗೂ ಮನಸ್ಸಿಲ್ಲ, ಅಲ್ಲೇ ಬಿಡುತ್ತಿದ್ದರು. ಖಾಲಿಯಾದಷ್ಟೂ ಮೋಹನ್ ಕುಮಾರ್ ಹೊಸದು ಕೊಡುತ್ತಿದ್ದರು. ಮುನಿಲಕ್ಷ್ಮಮ್ಮನಿಗೆ ಮಂಡಿನೋವು. ಈ ಚೀಲಕ್ಕೆ ಗಂಟಿಲ್ಲ, ಬಿಚ್ಚುವ ಕೆಲಸ ತಪ್ಪಿತೆಂದು ಜಗಲಿಯಲ್ಲೇ ಕೂತರು. ಒಮ್ಮೆ ನಾನೇ ಹೇಳಿದೆ: "ಅಜ್ಜಿ, ಕೆಂಪಿ ಚೀಲ ಸಮೇತ ನುಂಗ್ತು."

"ಬಟ್ಟೆ ತಾನೇ ಮಗ, ಅರಗುತ್ತೆ ಬಿಡು. ನನ್ನ ಸೆರಗೂ ತಿಂದೈತೆ ಅದು."

ಮಾರ್ಚ್‌ನಲ್ಲಿ ಕೆಂಪಿ ಮೆಲುಕು ಹಾಕುವುದು ನಿಲ್ಲಿಸಿತು. ಎಂಟು ತಿಂಗಳ ಗಬ್ಬ. ಎಡಹೊಟ್ಟೆ ಮಾತ್ರ ನಗಾರಿಯಂತೆ ಬಿಗಿಯಿತು. ದನದ ಡಾಕ್ಟರ್ ಸ್ಪಂದನ ಬಂದು ಹೊಟ್ಟೆ ಗುದ್ದಿ ನೋಡಿದರು. "ಪ್ಲಾಸ್ಟಿಕ್ ತಿಂದಿದೆ. ಕೊಯ್ದು ತೆಗೀಬೇಕು, ಈಗಲೇ."

"ನಮ್ಮ ಬೀದೀಲಿ ಪ್ಲಾಸ್ಟಿಕ್ಕೇ ಇಲ್ಲ ಮೇಡಂ," ಅಂದರು ಮೋಹನ್ ಕುಮಾರ್. "ಐದು ತಿಂಗಳಾಯ್ತು."

ಕೆಂಪಿಯನ್ನು ಲೈಟ್ ಕಂಬಕ್ಕೆ ಕಟ್ಟಿ, ಇಂಜೆಕ್ಷನ್ ಕೊಟ್ಟು, ನಿಂತಲ್ಲೇ ಎಡಪಕ್ಕೆ ಕೊಯ್ದರು. ದುಂಡಪ್ಪ ಹಗ್ಗ ಹಿಡಿದಿದ್ದ. ಡಾಕ್ಟರ್ ತೋಳಿನವರೆಗೆ ಕೈ ಹಾಕಿ ಎಳೆದರು. ಹಸಿರು ಬಂತು. ಹುಲ್ಲು ಅಂದುಕೊಂಡೆ. ಮತ್ತೆ ಎಳೆದರು. ಹಿಡಿಕೆ ಬಂತು. ಹಿಡಿಕೆಗೆ ಇನ್ನೊಂದು ಚೀಲ ಸುತ್ತಿಕೊಂಡಿತ್ತು, ಅದಕ್ಕೆ ಮತ್ತೊಂದು.

"ಅದು ಬಟ್ಟೆ ಮೇಡಂ," ಅಂದರು ಮೋಹನ್ ಕುಮಾರ್.

"ಮನೇಲಿ ಹೊಸದಿದ್ರೆ ತಂದು ಬೆಂಕಿ ಹಚ್ಚಿ ನೋಡಿ," ಅಂದರು ಡಾಕ್ಟರ್, ಒಳಗಿದ್ದ ಕೈ ತೆಗೆಯದೆ.

ನಾನು ಓಡಿಹೋಗಿ ತಂದು ಹಚ್ಚಿದೆ. ಬೂದಿಯಾಗಲಿಲ್ಲ. ಮುದುಡಿ, ಕರಗಿ, ಕಪ್ಪು ಹನಿಯಾಗಿ ನನ್ನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. ಕವರು ಸುಡುವ ವಾಸನೆ. ಬೀದಿಯಲ್ಲಿ ಅದು ಯಾರಿಗೆ ಗೊತ್ತಿಲ್ಲ? ದುಂಡಪ್ಪ ಯಾರ ಮುಖವನ್ನೂ ನೋಡಲಿಲ್ಲ.

ಆಗ ಕೆಂಪಿಯ ಮುಂಗಾಲು ಮಡಚಿತು.

"ಎತ್ತಿ! ಎತ್ರೀ!" ಡಾಕ್ಟರ್ ಕೂಗಿದರು. ಹತ್ತು ಜನ ಸೇರಿ ಎತ್ತಿದೆವು. ಕಾಲು ನೆಲಕ್ಕೆ ಊರಲಿಲ್ಲ. ಕಣ್ಣು ತೆರೆದೇ ಇತ್ತು.

"ಕರೂನಾದ್ರೂ ತೆಗೀರಮ್ಮ," ಅಂದರು ಮುನಿಲಕ್ಷ್ಮಮ್ಮ.

ಡಾಕ್ಟರ್ ತೆಗೆದರು. ಬಾಯಿಗೆ ಬೆರಳು ಹಾಕಿದರು, ಎದೆ ಉಜ್ಜಿದರು, ಹಿಂಗಾಲು ಹಿಡಿದು ಜೋಲಾಡಿಸಿದರು. ಉಸಿರಾಡಲಿಲ್ಲ.

ಹೊಟ್ಟೆಯಿಂದ ಬಂದ ಚೀಲ ಮೂವತ್ತೊಂದು. ಹೋದದ್ದು ಹಸು ಒಂದು, ಹೆಣ್ಣುಗರು ಒಂದು.